ಎಡಗಡೆಯ ಕನ್ನಡಿ

ಆ ಎರಡು ತಿಂಗಳು ಗಂಟೆಯಕ್ಕ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುವಳು, ಬಾಗಿಲಿನಿಂದ ಕ್ಯಾಲೆಂಡರಿನ ಮುಂದೆ ಹೋಗಿ ನಿಲ್ಲುವಳು, ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುವುದು. "ಅಮ್ಮನ ಕಾಲಿಗೆ ಆಗಲೇ ಚಕ್ರ ಬಂದಿದೆ, ಇನ್ನು ಸ್ಕೂಟರ್ ಯಾಕೆ?" ಎಂದು ಮಗಳು ನಗುವಳು. ನಗಲಿ ಪಾಪ, ಅವಳಿಗೇನು ಗೊತ್ತು.

ಹುಟ್ಟಿದಾಗ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಭದ್ರವಾಗಿತ್ತು, ಜನರ ಬಾಯಲ್ಲಿ ಬರುತ್ತಿದ್ದದ್ದು ಗಂಟೆಯಕ್ಕ ಅಂತಲೇ. ನೇಯ್ಗೆ ಶೆಡ್ಡಿನಲ್ಲಿ ಅವಳದು ಇಪ್ಪತ್ತೆರಡು ವರ್ಷದ ಕೆಲಸ. ನಲವತ್ತು ಮಗ್ಗಗಳು ಒಟ್ಟಿಗೆ ಬಡಿಯುವ ಜಾಗದಲ್ಲಿ ಪಿಸುಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಕಿರುಚಬೇಕು, ಇಲ್ಲವೇ ಕೈಸನ್ನೆ ಮಾಡಬೇಕು, ಎದುರಿಗಿದ್ದವರ ತುಟಿ ಓದಬೇಕು. ಕಿರುಚುವುದರಲ್ಲಿ ಅವಳನ್ನು ಮೀರಿಸಿದವರು ಶೆಡ್ಡಿನಲ್ಲಿ ಹುಟ್ಟಿರಲಿಲ್ಲ. ಮನೆಗೆ ಬಂದ ಮೇಲೂ ಆ ಗಂಟಲು ಇಳಿಯುತ್ತಿರಲಿಲ್ಲ. "ಸ್ವಲ್ಪ ಉಪ್ಪು ಕೊಡು" ಎಂದು ಮಗಳಿಗೆ ಹೇಳಿದರೆ ಪಕ್ಕದ ಮನೆಯವರು ಉಪ್ಪು ಹಿಡಿದು ಬರುವಷ್ಟು ಜೋರು.

ಗಂಟಲು ದೊಡ್ಡದಾದದ್ದು ಕಿವಿ ಸಣ್ಣದಾದ್ದರಿಂದ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಮೂರು ವರ್ಷದ ಹಿಂದೆ ಯಾರಿಗೂ ಹೇಳದೆ ಕಿವಿಯ ಡಾಕ್ಟರ ಬಳಿ ಹೋಗಿದ್ದಳು. ಈ ವರ್ಷ ಮತ್ತೆ ಹೋದಾಗ ಅವರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: "ಎಡಗಿವಿ ಪೂರ್ತಿ ಹೋಗಿದೆ, ಅದಕ್ಕೆ ಯಂತ್ರ ಹಾಕಿದ್ರೂ ಪ್ರಯೋಜನ ಇಲ್ಲ. ಬಲಗಿವಿ ಅರ್ಧ ಉಳಿದಿದೆ. ಆ ಸದ್ದಿನಿಂದ ಆಚೆ ಬನ್ನಿ. ಇಲ್ಲಾಂದ್ರೆ ಇನ್ನೆರಡು ವರ್ಷದಲ್ಲಿ ಅದೂ ಇರಲ್ಲ." ಮಗಳ ದನಿ ಕಿವಿಗೆ ಬೀಳದ ದಿನವನ್ನು ನೆನೆದು ಅವತ್ತು ಅವಳು ಬಸ್ಸಿನಲ್ಲಿ ಅತ್ತಿದ್ದಳು.

ಆಗಲೇ ಒಂದು ಬಾಗಿಲು ತೆರೆಯಿತು. ಊರಿನ ಮೂರು ಮೂಲೆಯಲ್ಲಿದ್ದ ಮೂರು ಶೆಡ್ಡಿಗೂ ದಿನಾ ಸುತ್ತಿ, ಮಗ್ಗದ ಸದ್ದಿನಿಂದ ದೂರವಿರುವ ಮಡಿಸುವ ಕೋಣೆಯಲ್ಲಿ ಬಟ್ಟೆಯ ಎಳೆ ತಪ್ಪಿದೆಯೇ ಎಂದು ನೋಡುವ ಕೆಲಸ ಮೇಸ್ತ್ರಿಯದು. ಅವರಿಗೆ ಮಂಡಿ ನೋವು ಬಂದು ಸುತ್ತಾಟ ನಿಂತಿತ್ತು. "ನಿನ್ನಷ್ಟು ಬಟ್ಟೆ ಬಲ್ಲವರು ಇಲ್ಲಿ ಯಾರೂ ಇಲ್ಲ," ಎಂದರು. "ಆದರೆ ಸ್ವಂತ ಗಾಡಿ ಬೇಕು. ಎರಡು ತಿಂಗಳು ಟೈಮ್ ಕೊಡ್ತೀನಿ. ರಸ್ತೆ ಮೇಲಿನ ಕೆಲಸ ನೋಡು, ಕಣ್ಣು ಕಿವಿ ಎರಡೂ ಚುರುಕಾಗಿರಬೇಕು."

"ಎರಡೂ ಚುರುಕಾಗಿದೆ," ಎಂದಿದ್ದಳು ಗಂಟೆಯಕ್ಕ, ಮೇಸ್ತ್ರಿಯ ತುಟಿ ಓದಿಕೊಂಡು.

ಸ್ಕೂಟರ್ ಅಂಗಡಿಗೆ ಗಂಡ, ಮಗಳು, ಅವಳು ಮೂವರೂ ಹೋದರು. ಗಂಡ ಹದಿನೆಂಟು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿ ಒಂದು ಬನ್ನನ್ನೂ ಜಜ್ಜದ ಮನುಷ್ಯ. ಮಗಳು ಬಣ್ಣ ನೋಡತೊಡಗಿದರೆ ಅವನು ಚಕ್ರ ನೋಡತೊಡಗಿದ. "ಬಣ್ಣ ಆಮೇಲೆ. ಮೊದಲು ಕೂತ್ಕೊ. ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತಾ ನೋಡು. ತುದಿಗಾಲಲ್ಲಿ ನಿಲ್ಲೋ ಗಾಡಿ ಎಷ್ಟು ಚಂದ ಇದ್ರೂ ನಮಗೆ ಬೇಡ," ಎಂದ. ಹಾಗೆ ಕೂತು ಎದ್ದು ಆರು ಗಾಡಿಗಳಲ್ಲಿ ಎರಡು ಉಳಿದವು.

ಅಂಗಡಿಯವನು ಹಲ್ಲು ಕಿರಿದು ಒಂದರ ಬೆನ್ನು ತಟ್ಟಿದ. "ಇದು ಬ್ಯಾಟರಿದು ಅಕ್ಕ. ಹಗುರ. ಸದ್ದೇ ಇಲ್ಲ. ಚಾಲೂ ಆಗಿದೆಯೋ ಇಲ್ವೋ ನಿಮಗೇ ಗೊತ್ತಾಗಲ್ಲ!"

ಅವನು ಹೊಗಳಿಕೆಯಾಗಿ ಹೇಳಿದ್ದು ಇವಳಿಗೆ ಹೆದರಿಕೆಯಾಗಿ ಕಂಡಿತು. ಅವಳು ಹತ್ತಿ ಕೂತಾಗ ಅವನು ಅವಳ ಎಡಕ್ಕೆ ಬಂದು ಕೀಲಿ ತಿರುಗಿಸಿ ಏನೋ ಹೇಳಿದ. ಏನೆಂದು ಅವಳಿಗೆ ಕೇಳಿಸಲಿಲ್ಲ. ನಿಂತ ಗಾಡಿಯಲ್ಲವೇ ಎಂದು ಹಿಡಿಯನ್ನು ಒಮ್ಮೆ ತಿರುವಿದಳು. ಗಾಡಿ ನೆಗೆದು ಎದುರಿನ ರಟ್ಟಿನ ಬೋರ್ಡಿಗೆ ಗುದ್ದಿ ನಿಂತಿತು.

"ಆನ್ ಆಗಿದೆ, ಮುಟ್ಟಬೇಡಿ ಅಂತ ಅವರು ಹೇಳ್ತಾನೇ ಇದಾರೆ, ಗಮನ ಎಲ್ಲಿದೆ ನಿನಗೆ?" ಎಂದ ಗಂಡ, ಬೆವರು ಒರೆಸಿಕೊಂಡು.

"ಕೈ ಜಾರಿತು," ಎಂದಳು.

ಇನ್ನೊಂದು ಪೆಟ್ರೋಲಿನದು. ಎಂಜಿನ್ ಹೊತ್ತಿದ್ದೇ ತಡ, ಸಣ್ಣ ನಡುಕ ಅಂಗೈಗೆ ಬಂತು, ಮೊಣಕೈಗೇರಿತು. ಶೆಡ್ಡಿನಲ್ಲಿಯೂ ಹೀಗೇ. ಮಗ್ಗ ಹದ ತಪ್ಪಿದರೆ ಅವಳಿಗೆ ತಿಳಿಯುತ್ತಿದ್ದದ್ದು ಸದ್ದಿನಿಂದಲ್ಲ, ಚೌಕಟ್ಟಿನ ಮೇಲಿಟ್ಟ ಕೈಯಿಂದ. ಎಷ್ಟೋ ದಿನದ ಮೇಲೆ ಅವಳ ಉಸಿರು ಸರಾಗವಾಯಿತು.

"ಇದೇ ಇರಲಿ."

"ಅಮ್ಮಾ, ಇದು ಅಜ್ಜನ ಕಾಲದ್ದು! ಹೇಗೆ ನಡುಗ್ತಿದೆ ನೋಡು!"

"ನಡುಗ್ಲಿ ಬಿಡು. ನಡುಗೋದಕ್ಕೇ ತಗೊಳ್ತಿರೋದು."

ಯಾರಿಗೂ ಅರ್ಥವಾಗಲಿಲ್ಲ. ಹೆಂಡತಿಯ ಹಟ ಎಂದುಕೊಂಡು ಗಂಡ ದುಡ್ಡು ಎಣಿಸಿದ.

ಕಲಿಕೆ ಮಾರುಕಟ್ಟೆಯ ಹಿಂದಿನ ಖಾಲಿ ಮೈದಾನದಲ್ಲಿ, ರಜೆಯ ದಿನಗಳ ಬೆಳಿಗ್ಗೆ. ಗಂಡನ ಪಾಠ ಅವನ ವ್ಯಾನಿನಂತೆಯೇ ನಿಧಾನ. ಗಾಡಿ ತಳ್ಳುವಾಗ ಎಂಜಿನ್ ಆಫ್ ಇರಬೇಕು. ಎರಡೂ ಬ್ರೇಕು ಒಟ್ಟಿಗೆ ಒತ್ತಬೇಕು, ಮುಂದಿನದನ್ನೇ ಗಪ್ಪನೆ ಹಿಡಿದರೆ ಮಣ್ಣು ಮುಕ್ಕಬೇಕಾಗುತ್ತದೆ. ತಿರುವಿಗೆ ಮುಂಚೆ ವೇಗ ಇಳಿಸಬೇಕು, ತಿರುವಿನೊಳಗೆ ಹೋಗಿ ಅಲ್ಲ. ಗಂಟೆಯಕ್ಕ ಇದನ್ನೆಲ್ಲ ಬೇಗ ಹಿಡಿದಳು. ಆದರೆ ಅವನು ಹಿಂದಿನಿಂದ "ನಿಲ್ಸು, ನಿಲ್ಸು!" ಎಂದು ಕೂಗಿಕೊಂಡು ಓಡಿ ಬಂದರೂ ಗಾಡಿ ಹೋಗುತ್ತಲೇ ಇರುತ್ತಿತ್ತು.

"ಅಷ್ಟು ಬಡ್ಕೊಂಡ್ನಲ್ಲ, ಕೇಳಿಸಲಿಲ್ವಾ?"

"ಕೇಳಿಸ್ತು. ಬೇಕಂತಲೇ ನಿಲ್ಲಿಸಲಿಲ್ಲ."

"ನಿನ್ನಂಥ ಹಟಮಾರಿಯನ್ನ ನಾನು ನೋಡಿಲ್ಲ."

ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಹಟಮಾರಿ ಅನ್ನಿಸಿಕೊಳ್ಳುವುದು ವಾಸಿ ಎಂದುಕೊಂಡಳು. ನಿಜ ಹೇಳಿದರೆ ಅವನು ಕೀಲಿ ಕಿತ್ತುಕೊಳ್ಳುತ್ತಾನೆ. ಕೀಲಿ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಮತ್ತೆ ಆ ನಲವತ್ತು ಮಗ್ಗದ ನಡುವೆ ಉಳಿದರ್ಧ ಕಿವಿಯನ್ನೂ ಸುಟ್ಟುಕೊಳ್ಳುವುದು. ಬಾಯಿ ಬಿಡುವ ಮಾತೇ ಇರಲಿಲ್ಲ.

ಕಿವಿಯ ಕೆಲಸವನ್ನು ಅವಳು ಕನ್ನಡಿಗೆ ವಹಿಸಿದಳು. ಬಲಗಡೆಯದನ್ನು ಆಗಾಗ, ಎಡಗಡೆಯದನ್ನು ಮನಸ್ಸಿನಲ್ಲೇ ಮೂರು ಎಣಿಸುವಷ್ಟರಲ್ಲಿ ಒಮ್ಮೆ ನೋಡುವುದು. "ಹೊಸಬರು ಯಾರೂ ಕನ್ನಡಿ ನೋಡಲ್ಲ, ನಿಮ್ಮಮ್ಮ ಎಷ್ಟು ನೋಡ್ತಾಳೆ ನೋಡು," ಎಂದು ಗಂಡ ಮಗಳಿಗೆ ಹೆಮ್ಮೆಯಿಂದ ತೋರಿಸಿದ. ಹೆಲ್ಮೆಟ್ ಬಂದ ಮೇಲೆ ಅವಳಿಗೆ ಇನ್ನೊಂದು ಸಮಾಧಾನವೂ ಸಿಕ್ಕಿತು: ಇದನ್ನು ಹಾಕಿಕೊಂಡರೆ ಎಲ್ಲರೂ ಅರೆಕಿವುಡರೇ, ನನ್ನದೇನು ಹೆಚ್ಚುಗಾರಿಕೆ? ಲೈಸೆನ್ಸಿನವರು ಕಣ್ಣು ಪರೀಕ್ಷಿಸಿದರು, ಎಂಟರ ಆಕಾರದಲ್ಲಿ ಓಡಿಸಿ ನೋಡಿದರು. ಕಿವಿಯ ಸುದ್ದಿ ಯಾರೂ ಎತ್ತಲಿಲ್ಲ. ಇವಳೂ ಎತ್ತಲಿಲ್ಲ. ಆದರೂ ಆ ಚೀಟಿ ಕೈಗೆ ಬಂದ ದಿನ ಅವಳಿಗೆ ಊಟ ಸೇರಲಿಲ್ಲ, ಕದ್ದ ವಸ್ತು ಮಡಿಲಲ್ಲಿಟ್ಟುಕೊಂಡವಳಂತೆ ಮನೆಯೊಳಗೆ ತಿರುಗಿದಳು.

ಗಡುವಿಗೆ ಇನ್ನೆರಡೇ ದಿನವಿತ್ತು. ಮಗಳಿಗೆ ಕಾಲೇಜಿಗೆ ತಡವಾಗಿತ್ತು, ಬಸ್ಸು ತಪ್ಪಿತ್ತು. "ಅಮ್ಮಾ, ಬಿಡ್ತೀಯಾ?" ಎಂದಳು. ಬೇಡವೆನ್ನಲು ಬಾಯಿ ಬರಲಿಲ್ಲ. ತಾಯಿ ಬೀಗ ಹಾಕುತ್ತಿದ್ದಾಗ ಮಗಳು ಗಾಡಿಯ ಎಡಗಡೆ ನಿಂತು, ಕನ್ನಡಿಯನ್ನು ತನ್ನ ಮುಖದತ್ತ ಮೇಲಕ್ಕೆತ್ತಿ, ಬೈತಲೆ ಸರಿಮಾಡಿಕೊಂಡು ಹೆಲ್ಮೆಟ್ ಹಾಕಿಕೊಂಡಳು. ಕನ್ನಡಿ ಹಾಗೇ ಉಳಿಯಿತು. ಹೊರಡುವ ಮೊದಲು ಎರಡೂ ಕನ್ನಡಿ ಮುಟ್ಟಿ ನೋಡುವುದು ಗಂಟೆಯಕ್ಕನ ರೂಢಿ. ಅವತ್ತು ಬೆಳಿಗ್ಗೆಯಿಂದ ಅವಳ ಮನಸ್ಸು ಒಂದು ಕಡೆ ನಿಂತಿದ್ದರೆ ತಾನೆ!

ದೊಡ್ಡ ರಸ್ತೆಗೆ ಬಂದರು. ಎಡಕ್ಕೆ ತಿರುಗಬೇಕಿತ್ತು. ವೇಗ ಇಳಿಸಿದಳು, ದೀಪ ಹಾಕಿದಳು, ಎಡಗನ್ನಡಿಯತ್ತ ಕಣ್ಣು ಹಾಯಿಸಿದಳು. ಅದರಲ್ಲಿ ಬರೀ ಬೆಳಕು, ಖಾಲಿ. ಖಾಲಿಯೆಂದರೆ ರಸ್ತೆ ಖಾಲಿ ಎಂದೇ ಅವಳು ತಿಳಿದಳು, ಅದು ಆಕಾಶ. ಹಿಡಿಯನ್ನು ಎಡಕ್ಕೆ ವಾಲಿಸಿದ ಆ ಕ್ಷಣ ಸೊಂಟಕ್ಕೆ ಏನೋ ಕಚ್ಚಿದಂತಾಯಿತು. ಅಂಗಿಯನ್ನೂ ದಾಟಿ ಇಳಿದ ಮಗಳ ಉಗುರುಗಳು. ಎರಡೂ ಬ್ರೇಕು ಒಟ್ಟಿಗೆ ಒತ್ತಿ, ಎರಡೂ ಪಾದ ನೆಲಕ್ಕೂರಿ ನಿಂತಳು. ಹಿಂದಿನಿಂದ ಎಡಗಡೆಗೆ ನುಗ್ಗಿ ಬಂದ ಲಾರಿ ಒಂದು ಗೇಣಿನ ಅಂತರದಲ್ಲಿ ಹಾದುಹೋಯಿತು. ಅದರ ಗಾಳಿಗೆ ಗಾಡಿ ಅಲುಗಿತು.

ರಸ್ತೆಯಂಚಿಗೆ ತಳ್ಳಿಕೊಂಡು ಬಂದಾಗ ಗಂಟೆಯಕ್ಕನ ಕಣ್ಣು ಕನ್ನಡಿಯ ಮೇಲೆ ಬಿತ್ತು.

"ಇದನ್ನ ಯಾರು ತಿರುಗಿಸಿದ್ದು?"

"ನಾನು. ಬೈತಲೆ ನೋಡ್ಕೊಂಡೆ." ಮಗಳು ಹೆಲ್ಮೆಟ್ ಕಿತ್ತು ತಾಯಿಯ ಎದುರಿಗೆ ಬಂದಳು. "ಲಾರಿಯವನು ಒಂದೇ ಸಮ ಹಾರ್ನ್ ಹೊಡೀತಿದ್ದ. ನಾನು ಗಂಟಲು ಹರಿಯೋ ಹಾಗೆ ಕಿರುಚಿದೆ. ಕನ್ನಡಿ ತಿರುಗಿದ್ರೇನಮ್ಮ, ನಿನಗೆ ಕಿವಿ ಇಲ್ವಾ?"

ಕೈ ಎತ್ತಿ ಒಂದು ಬಿಡಬೇಕೆನ್ನಿಸಿತು. ಎತ್ತಿದ ಕೈ ಅಲ್ಲೇ ಸೋತಿತು. ಹುಡುಗಿಯ ತಪ್ಪೇನು? ಆ ಕನ್ನಡಿ ತಾಯಿಯ ಕಿವಿ ಎಂದು ಅವಳಿಗೆ ಯಾರು ಹೇಳಿದ್ದರು? ಬಚ್ಚಿಟ್ಟವಳು ತಾನು. ಬಚ್ಚಿಟ್ಟ ಗುಟ್ಟಿನ ಮೇಲೆ ಹೆತ್ತ ಮಗಳನ್ನು ಕೂರಿಸಿಕೊಂಡು ಹೊರಟವಳು ತಾನು.

"ಎಲ್ಲಿಗೆ ಹೋಗ್ತಿದೀಯ?" ಎಂದಳು ಮಗಳು, ತಾಯಿ ಗಾಡಿಯನ್ನು ಹಿಂದಕ್ಕೆ ತಿರುಗಿಸಿದ್ದನ್ನು ನೋಡಿ.

"ಶೆಡ್ಡಿಗೆ. ನೀನೂ ಬಾ. ನಡ್ಕೊಂಡೇ ಹೋಗೋಣ."

ಎಂಜಿನ್ ಆಫ್ ಮಾಡಿ ಅಷ್ಟು ದೂರವೂ ತಳ್ಳಿಕೊಂಡು ಹೋದಳು. ಮಗಳನ್ನು ಅಂಗಳದಲ್ಲಿ ಗಾಡಿಯ ಬಳಿ ನಿಲ್ಲಿಸಿ ಒಳಗೆ ನಡೆದಳು. ಮೇಸ್ತ್ರಿ ಹಿಂದಿನ ಕೋಣೆಯಲ್ಲಿ, ಮಡಿಸಿಟ್ಟ ಬಟ್ಟೆಯ ಥಾನುಗಳ ನಡುವೆ ಬೆನ್ನು ಹಾಕಿ ಕೂತಿದ್ದರು. ಮಗ್ಗದ ಸದ್ದು ಅಲ್ಲಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಗಂಟೆಯಕ್ಕ ದನಿ ತಗ್ಗಿಸಿದಳು.

"ಮೇಸ್ತ್ರೀ, ನನ್ನ ಎಡಗಿವಿ ಕೇಳಲ್ಲ."

ಮೇಸ್ತ್ರಿ ತಿರುಗಲಿಲ್ಲ. ಅವಳು ಎದುರಿಗೆ ಹೋಗಿ, ತಲೆ ತಗ್ಗಿಸಿ ಅದನ್ನೇ ಹೇಳಿದಳು.

"ಆಂ? ಎಡಗಡೆ ಎಳೆ ಸರಿ ಇಲ್ವಾ? ಯಾವ ಮಗ್ಗದ್ದು?"

"ಎಳೆ ಅಲ್ಲ, ಕಿವಿ."

"ಜೋರಾಗಿ ಹೇಳಮ್ಮ. ನಿನಗೇನು ಬಂತು ಇವತ್ತು?"

ಗಂಟೆಯಕ್ಕನ ಸಹನೆಯ ಕಟ್ಟೆಯೊಡೆಯಿತು. "ನನಗೆ ಕಿವಿ ಕೇಳಲ್ಲ ಮೇಸ್ತ್ರೀ! ಎಡಗಡೆದು ಪೂರ್ತಿ ಹೋಗಿದೆ! ಚುರುಕಾಗಿದೆ ಅಂತ ನಿಮಗೆ ಸುಳ್ಳು ಹೇಳ್ದೆ! ಈಗ ತಾನೇ ನನ್ನ ಮಗಳನ್ನ ಲಾರಿಗೆ ಕೊಡ್ತಿದ್ದೆ!" ಗೋಡೆಗಳು ಕೇಳಿದವು, ಅಂಗಳ ಕೇಳಿತು, ಗೇಟಿನ ಕಾವಲುಗಾರ ಎದ್ದು ನಿಂತ.

ಮೇಸ್ತ್ರಿ ಎದ್ದು ಬಾಗಿಲು ಮುಚ್ಚಿದರು. ಸಲೀಸಾಗಿ ಎದ್ದರು, ಸಲೀಸಾಗಿ ಬಂದು ಕೂತರು.

"ನನ್ನ ಮಂಡಿಗೇನೂ ಆಗಿಲ್ಲ ಕಣಮ್ಮ," ಎಂದರು. ಅವರೂ ಕೂಗಿಯೇ ಹೇಳಬೇಕಾಯಿತು. "ಹೋದ ವರ್ಷ ಪಕ್ಕದಲ್ಲಿ ಒಬ್ಬ ಸೈಕಲ್ಲಿನವನು ಬರ್ತಿದ್ದ. ಬೆಲ್ ಹೊಡೆದನಂತೆ, ಕೂಗಿದನಂತೆ. ನನಗೆ ಏನೂ ಕೇಳಿಸಲಿಲ್ಲ. ಅವನ ಮೇಲೇ ತಿರುಗಿಸಿಬಿಟ್ಟೆ. ಕಾಲು ಮುರಿದಿದ್ದು ಅವನದು. ಮಂಡಿ ನೋವು ಅಂತ ವರ್ಷವಿಡೀ ಕುಂಟಿದ್ದು ನಾನು."

ಇಬ್ಬರೂ ಇಪ್ಪತ್ತೆರಡು ವರ್ಷ ಒಬ್ಬರ ತುಟಿಯನ್ನೊಬ್ಬರು ಓದಿಕೊಂಡೇ ಕಳೆದಿದ್ದರು, ಒಬ್ಬರಿಗೂ ಇನ್ನೊಬ್ಬರ ಮೇಲೆ ಅನುಮಾನ ಬಂದಿರಲಿಲ್ಲ. ಗಂಟೆಯಕ್ಕನಿಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತೂ ಕೂಡ.

"ಕೆಲಸ ಹೋಯ್ತು ಅಂತ ತಿಳ್ಕೊಳ್ಲಾ?" ಎಂದಳು.

"ಡಾಕ್ಟರ ಹತ್ರ ಹೋಗು. ಕನ್ನಡಿ ನೋಡ್ಕೊಂಡು ಓಡಿಸಬಹುದು ಅಂತ ಅವರು ಬರೆದುಕೊಟ್ಟರೆ ಕೆಲಸ ನಿಂದೇ. ಒಂದು ವಾರ ತಡವಾದ್ರೂ ಪರವಾಗಿಲ್ಲ, ನಾನು ಕಾಯ್ತೀನಿ. ಕೊಡಲಿಲ್ಲಾಂದ್ರೆ ಈ ಮಡಿಸೋ ಕೋಣೆಗೆ ಬಾ, ಇಲ್ಲಿ ಅಷ್ಟು ಸದ್ದಿಲ್ಲ. ಯಾವುದಕ್ಕೂ ಮೊದಲು ಮನೇಲಿ ಹೇಳು. ನಾನು ಇನ್ನೂ ಹೇಳಿಲ್ಲ."

ಹೊರಗೆ ಮಗಳು ಗಾಡಿಗೆ ಒರಗಿ ನಿಂತಿದ್ದಳು. ತಾಯಿ ಹತ್ತಿರ ಬಂದು ಕೀಲಿ ಹುಡುಕುತ್ತಿದ್ದಂತೆ ಮಗಳು ಎಡಗಡೆಯಿಂದ ಏನೋ ಕೇಳಿದಳು. ಬೇರೆ ದಿನವಾಗಿದ್ದರೆ ಗಂಟೆಯಕ್ಕ ಅಂದಾಜಿನ ಮೇಲೆ "ಹೂಂ" ಎಂದು ಮುಂದೆ ಹೋಗುತ್ತಿದ್ದಳು.

"ಆ ಕಡೆಯಿಂದ ಹೇಳಬೇಡ ಮಗಳೇ," ಎಂದಳು. "ಆ ಕಿವಿ ಸತ್ತು ಮೂರು ವರ್ಷ ಆಯ್ತು. ಈ ಕಡೆ ಬಾ."

ಮಗಳು ಗಾಡಿಯನ್ನು ಸುತ್ತಿ ಬಂದು ತಾಯಿಯ ಬಲಗಡೆ ನಿಂತಳು. ಅಂಗಳದಲ್ಲಿ ಕೇಳಿದ್ದೆಲ್ಲ ಅವಳ ಮುಖದಲ್ಲಿತ್ತು.

"ನಾನು ಕಿರುಚಿದ್ದು ಒಂದು ಚೂರೂ ಕೇಳಿಸಲಿಲ್ವಾ ಅಮ್ಮಾ?"

"ಇಲ್ಲ. ನೀನು ಚಿವುಟಿದ್ದು ಗೊತ್ತಾಯ್ತು."

ಮಗಳು ಬಾಗಿ ತಾಯಿಯ ಸೊಂಟದ ಬಟ್ಟೆ ಸರಿಸಿ ನೋಡಿದಳು. ನಾಲ್ಕು ಉಗುರಿನ ಗುರುತುಗಳು ಕೆಂಪಗೆ ಎದ್ದಿದ್ದವು, ಒಂದರಲ್ಲಿ ಸ್ವಲ್ಪ ರಕ್ತವಿತ್ತು.