ಟ್ಯಾಬಿತಾ ಕ್ರುಕ್ಸ್‌ಳ ಮುದ್ರೆ

ಬೆಳ್ಳಿ ಪರೀಕ್ಷಾ ಕಚೇರಿಯಿಂದ ಕೆನೆ ಹಾಕುವ ಜಗ್ ವಾಪಸು ಬಂದದ್ದು ಚಪ್ಪಟೆಯಾಗಿ. ಬೆಳ್ಳಿಯ ಮಟ್ಟ ಕಡಿಮೆ ಕಂಡರೆ ಶೆಫೀಲ್ಡಿನಲ್ಲಿ ಬುದ್ಧಿ ಹೇಳುತ್ತಾ ಕೂರುವುದಿಲ್ಲ, ಜಜ್ಜಿ ಕೈಗೆ ಕೊಡುತ್ತಾರೆ. ಗಂಡ ತೀರಿಕೊಂಡ ಮೇಲೆ ಟ್ಯಾಬಿತಾ ಕ್ರುಕ್ಸ್ ತನ್ನದೇ ಹೆಸರಿನ ಮುದ್ರೆ ಒತ್ತಿ ಕಳಿಸಿದ ಮೊದಲ ಸಾಮಾನು ಅದು.

ತಪ್ಪು ಅವಳದೇ. ಅಂದ ಹೆಚ್ಚಲಿ ಎಂದು ದ್ರಾಕ್ಷಿ ಎಲೆಗಳನ್ನು ಬೇರೆಯಾಗಿ ಎರಕ ಹೊಯ್ದು, ಜಗ್ಗಿನ ಮೈತುಂಬ ಬೆಸುಗೆ ಹಾಕಿ ಕೂರಿಸಿದ್ದಳು. ಬೆಸುಗೆಯಲ್ಲಿ ತಾಮ್ರವೂ ಸತುವೂ ಇರುತ್ತವೆ. ಅಷ್ಟೊಂದು ಬಳಿದರೆ ಎಂಥ ಬೆಳ್ಳಿಯ ಮಟ್ಟವೂ ಇಳಿಯದೆ ಇರುತ್ತದೆಯೇ?

ಸುದ್ದಿ ತಿಳಿದು ಮೈದುನ ಎನಕ್ ಬಂದ. ಪಕ್ಕದ ಬೀದಿಯಲ್ಲಿ ಅವನದೂ ಬೆಳ್ಳಿ ಕೆಲಸವೇ.

"ಹೋಗ್ಲಿ ಬಿಡಿ ಅತ್ತಿಗೆ. ಇನ್ಮೇಲೆ ನನ್ನ ಮುದ್ರೆ ಹಾಕಿ ಕಳ್ಸೋಣ. ಇನ್ನೊಂದ್ಸಲ ಹೀಗಾದ್ರೆ ನಿಮ್ಮ ಮುದ್ರೆ ಕಂಡ್ರೇ ವ್ಯಾಪಾರಿಗಳು ಮುಖ ತಿರುಗಿಸ್ತಾರೆ."

"ಅಂದ್ರೆ ಕೆಲಸ ನಂದು, ಹೆಸರು ನಿಂದು."

"ನಿಮ್ಮ ಒಳ್ಳೇದಕ್ಕೇ ಹೇಳ್ದೆ."

"ಗೊತ್ತಾಯ್ತು. ಬಿಯರ್ ಕುಡ್ದು ಹೊರಡು, ನಂಗೆ ಕೆಲಸ ಇದೆ."

ಅವಳು ಹೊಸ ಬೆಳ್ಳಿ ತಗಡು ತೆಗೆದು ಜಗ್ಗಿನ ಆಕಾರಕ್ಕೆ ಬಡಿದಳು. ಈ ಸಲ ಎಲೆ ಅಂಟಿಸುವ ಮಾತೇ ಇಲ್ಲ, ಜಗ್ಗಿನ ಮೈಯಿಂದಲೇ ಎಬ್ಬಿಸಬೇಕು. ಒಳಗಿನಿಂದ ಬಡಿದು ಉಬ್ಬಿಸಿದಳು, ಏಟಿಗೆ ಆನಿಕೆಯಾಗಲೆಂದು ಒಳಗೆ ಕರಗಿಸಿದ ರಾಳ ತುಂಬಿದಳು, ಹೊರಗಿನಿಂದ ಚಾಣ ಹಿಡಿದು ಎಲೆಯ ನರಗಳನ್ನು ತಿದ್ದಿದಳು. ಒಂದೇಟು ಜೋರಾಗಿ ಬಿದ್ದು ತಗಡು ಹರಿಯಿತು. ಹಾಳಾದ್ದು ಎಂದು ಬೈದುಕೊಂಡು ಅದನ್ನು ಚೂರುಗಳ ಬುಟ್ಟಿಗೆ ಎಸೆದು ಮೊದಲಿನಿಂದ ಶುರು ಮಾಡಿದಳು. ಬೆರಳು ಊದಿ ಬ್ರೆಡ್ ಮುರಿಯುವುದೂ ಕಷ್ಟವಾಯಿತು. ಮೊಂಡುತನ ಅನ್ನಿ, ಏನು ಬೇಕಾದರೂ ಅನ್ನಿ, ಅವಳು ಬಿಡಲಿಲ್ಲ.

ಕಚೇರಿಯಲ್ಲಿ ಪರೀಕ್ಷಕ ಬೆಸುಗೆ ಎಲ್ಲಿದೆ ಎಂದು ಜಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದ. ಸಿಕ್ಕಿದ್ದು ಹಿಡಿಯ ಹತ್ತಿರ ಮಾತ್ರ. ಅಲ್ಲಿಂದಲೂ ಮೈಯಿಂದಲೂ ಕೆರೆದು ತೆಗೆದ ಪುಡಿಯನ್ನು ಒಳಗೆ ಒಯ್ದರು. ಅವಳು ಕಾಯುತ್ತಾ ಕೂತಳು. ಕೊನೆಗೆ ಅವಳ ಮುದ್ರೆಯ ಪಕ್ಕದಲ್ಲೇ ಅಪ್ಪಟ ಬೆಳ್ಳಿಯ ಗುರುತಾದ ಸಿಂಹದ ಮುದ್ರೆ ಬಿತ್ತು. ಬೀದಿಗೆ ಬಂದು, ಯಾರು ನೋಡಿದರೇನಂತೆ ಎಂದು ಅತ್ತಳು.

ಕೆಲವು ದಿನಗಳಲ್ಲಿ ಎನಕ್ ಒಂದು ಕಾಫಿ ಪಾತ್ರೆ ಹಿಡಿದು ಬಂದ. "ಇದಕ್ಕೂ ಅಂಥ ಎಲೆ ಎಬ್ಬಿಸ್ಕೊಡಿ ಅತ್ತಿಗೆ. ದೊಡ್ಡ ಮನೆಯವ್ರು ಕೇಳ್ತಿದಾರೆ, ನಮ್ಮಲ್ಲಿ ಯಾರಿಗೂ ಕೈ ಬರ್ತಿಲ್ಲ."

ಟ್ಯಾಬಿತಾ ಪಾತ್ರೆಯನ್ನು ಬೋರಲು ಹಾಕಿ ನೋಡಿದಳು. ತಳದಲ್ಲಿ ಅವನ ಮುದ್ರೆ ಆಗಲೇ ಕೂತಿತ್ತು. ಪಾತ್ರೆಯನ್ನು ಮೇಜಿನ ಮೇಲೆ ಅವನ ಕಡೆಗೇ ಸರಿಸಿದಳು.

"ಮುದ್ರೆ ಒತ್ತದೇ ಇರೋದನ್ನ ತಗೊಂಡ್ಬಾ, ಎನಕ್."