ಮುಚ್ಚಿಕೊಂಡ ಶಿರಸ್ತ್ರಾಣ

ತಗಡಿನ ಕೆಲಸದಲ್ಲಿ ನಲವತ್ತು ವರ್ಷ ಕೈ ಸವೆಸಿದ ಮಾವನಿಗೆ ಪ್ರವಾಸ ಹೋದ ಊರಲ್ಲಿ ನೋಡಬೇಕಾಗಿದ್ದದ್ದು ಒಂದೇ: ಹಳೆಯ ಆಯುಧಗಳ ಸಂಗ್ರಹಾಲಯ. ಕಾಲು ನೋವೆಂದು ಮಗಳು ಕೆಳಗೇ ಕೂತಳು. ಅಳಿಯ ಜೊತೆಗೆ ಹೊರಟನಾದರೂ, ಮುಚ್ಚಿದ ಜಾಗವೆಂದರೆ ಹೆದರಿಕೆಯಿದ್ದುದರಿಂದ ಲಿಫ್ಟಿನೊಳಗೆ ಕಾಲಿಡಲಿಲ್ಲ. ನಾಲ್ಕು ಮಹಡಿ ಹತ್ತಿ ಬೆವರೊರೆಸಿಕೊಳ್ಳುತ್ತ ಬಂದವನನ್ನು ನೋಡಿ ಮಾವನ ನಾಲಿಗೆ ಸುಮ್ಮನಿರಲಿಲ್ಲ.

"ಇಷ್ಟು ಪುಕ್ಕಲರಾದ್ರೆ ಹೇಗೆ ಅಳಿಯಂದ್ರೇ? ಇಲ್ಲಿರೋ ಕತ್ತಿಗಳೂ ನಗ್ತವೆ!"

ಅಕ್ಕಪಕ್ಕದವರು ನಕ್ಕರು. ಅಳಿಯನ ಮುಖ ಕಪ್ಪಿಟ್ಟಿತು. ಕವಚಗಳ ಕೋಣೆಯ ಮೂಲೆಯಲ್ಲಿ, ಬಂದವರು ಹಾಕಿ ನೋಡಲೆಂದೇ ಹೊಸದಾಗಿ ಮಾಡಿಸಿಟ್ಟ ಕಬ್ಬಿಣದ ಶಿರಸ್ತ್ರಾಣವಿತ್ತು. ಅವನು ಅದನ್ನೆತ್ತಿ ತಲೆಗೆ ಹಾಕಿಕೊಂಡವನೇ ಮುಖದ ಮುಚ್ಚಳವನ್ನು ಧಡಕ್ಕನೆ ಎಳೆದ. ಗದ್ದದ ಕೆಳಗಿನ ಕೊಕ್ಕೆ ಕಚ್ಚಿಕೊಂಡಿತು. ಮತ್ತೆ ಬಿಡಲಿಲ್ಲ.

ಒಳಗಿನಿಂದ ನಾಯಿ ತೇಕುವಂಥ ಉಸಿರು ಕೇಳಿಸಿತು. ಕಾವಲುಗಾರ ಓಡಿಬಂದ.

"ಯಾರೂ ಮುಟ್ಬೇಡಿ! ಸಾಹೇಬ್ರು ಬಂದು ತೆಗೀತಾರೆ."

"ಯಾವಾಗ ಬರ್ತಾರೆ?"

"ಊಟಕ್ಕೆ ಹೋಗಿದಾರೆ. ಅರ್ಧ ಗಂಟೆ ಆಗ್ಬಹುದು."

ಅಳಿಯ ಗೋಡೆಗೆ ತಲೆ ಚಚ್ಚತೊಡಗಿದ. ತತ್ತರಿಸುತ್ತ ಕತ್ತಿಗಳ ಗಾಜಿನ ಪೆಟ್ಟಿಗೆಯತ್ತ ವಾಲಿದ. ಮಾವ ಕಾವಲುಗಾರನನ್ನು ಸರಿಸಿ, ಅಳಿಯನನ್ನು ತಬ್ಬಿ ನೆಲಕ್ಕೆ ಕೂರಿಸಿದ.

"ನನ್ನ ಮಾತು ಕೇಳಿ. ನಿಧಾನಕ್ಕೆ ಉಸಿರೆಳೀರಿ. ಹಾಂ, ಬಿಡಿ."

ಬೆರಳ ತುದಿಯಿಂದ ಸಂದಿಯನ್ನು ತಡವಿದಾಗ ಮಾವನಿಗೆ ಗೊತ್ತಾಯಿತು. ಕೊಕ್ಕೆ ಒಳಕ್ಕೆ ಬಾಗಿತ್ತು. ಎಳೆದಷ್ಟೂ ಬಿಗಿಯುತ್ತದೆ, ಬಿಡಿಸಬೇಕಾದರೆ ಮೊದಲು ಗಂಟಲ ಕಡೆಗೇ ಒತ್ತಬೇಕು.

"ಒಂದು ಗಳಿಗೆ ಕುತ್ತಿಗೆ ಅಮುಕಿದಂಗಾಗುತ್ತೆ. ನನ್ನ ನಂಬ್ತೀರಾ?"

ಕಬ್ಬಿಣದ ತಲೆ ಹೌದೆಂಬಂತೆ ಮೆಲ್ಲಗೆ ಆಡಿತು.

ಮಾವ ಒತ್ತಿದ. ಒಳಗಿನ ಉಸಿರು ನಿಂತಿತು. ಕೊಕ್ಕೆ ಜಾರಿ ಮತ್ತೆ ಕಚ್ಚಿಕೊಂಡಿತು. ಅಳಿಯನ ಉಗುರುಗಳು ಮಾವನ ಮುಂಗೈಗೆ ಇಳಿದವು. ಮಾವ ಹೆಬ್ಬೆರಳನ್ನೇ ಸಂದಿಗೆ ತೂರಿಸಿ, ಹಲ್ಲು ಕಚ್ಚಿ ಇನ್ನೊಮ್ಮೆ ಒತ್ತಿದ. ಚರ್ಮ ಸೀಳಿತು. ಟಕ್ ಎಂದಿತು. ಮುಚ್ಚಳ ತೆರೆಯಿತು.

ಒಳಗಿದ್ದ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಅಳಿಯ ಬಾಯಿ ತೆರೆದು ಗಾಳಿಯನ್ನು ಗಟಗಟನೆ ಕುಡಿದ.

ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಮಗಳು ಲಿಫ್ಟಿನಲ್ಲಿ ಮೇಲೆ ಬಂದಳು. "ಏನಾಯ್ತು?"

"ಏನಿಲ್ಲ ಕಣೆ, ಆಟ ಆಡೋಕೆ ಹೋಗಿ..." ಎಂದ ಅಳಿಯ.

"ಸುಳ್ಳು," ಎಂದ ಮಾವ. "ಎಲ್ಲರೆದುರು ಹಂಗಿಸಿದೋನು ನಾನು. ತಪ್ಪು ನಂದು."

ಅಳಿಯ ಜೇಬಿನಿಂದ ಕರವಸ್ತ್ರ ತೆಗೆದು, ರಕ್ತ ಸುರಿಯುತ್ತಿದ್ದ ಆ ಹೆಬ್ಬೆರಳಿಗೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ.