ಎಡಕ್ಕೆ ತಿರುಗಿದ ಕಾಗದದ ಕಾಲ್ಚೀಲ

ಗುಡಾಣದ ಮುಚ್ಚಳದ ಮೇಲಿಟ್ಟ ಫೋನು ಮತ್ತೆ ಗುಂಯ್ ಎಂದಿತು, ಮಣ್ಣಿನ ಮುಚ್ಚಳವೂ ಅದರ ಜೊತೆಗೇ ಸಣ್ಣಗೆ ನಡುಗಿತು, ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ — ಈ ಬೆಳಿಗ್ಗೆಗೆ ಇದು ಎಷ್ಟನೆಯದೋ, ಎಣಿಸುವುದನ್ನು ಮಾಲಿಮ್ ಮೊನ್ನೆಯೇ ಬಿಟ್ಟಿದ್ದಾಳೆ, ಉಪ್ಪು ಇನ್ನೂ ಕರಗಿಲ್ಲ, ಕೋಲು ತಿರುಗಿಸಬೇಕು, ಒಂದೇ ದಿಕ್ಕಿಗೆ, ಅತ್ತೆ ಹೇಳಿಕೊಟ್ಟದ್ದು ಒಂದೇ ದಿಕ್ಕಿಗೆ, ಇವತ್ತು ಪಂಚಾಂಗದಲ್ಲಿ ಕುದುರೆಯ ದಿನ, ವರ್ಷದ ಮೊದಲ ತಿಂಗಳ ಕುದುರೆಯ ದಿನ ಜಾಂಗ್, ಸಾರಿಗೆ ರುಚಿ ಕೊಡುವ ಹುದುಗಿಸಿದ ಸೋಯಾ ಗೊಜ್ಜು, ಹಾಕಿದರೆ ಕೆಡುವುದಿಲ್ಲ ಎನ್ನುತ್ತಾರೆ, ಜನ ಬೈಯುತ್ತಿದ್ದಾರೆಂದು ಪಂಚಾಂಗ ಕಾಯುತ್ತದೆಯೇ. ಹನ್ನೊಂದು ವರ್ಷದಿಂದ ಈ ದಿನ ಅವಳು ಇದೇ ಅಂಗಳದಲ್ಲಿ ನಿಂತು, ಬೇಯಿಸಿ ಕುಟ್ಟಿ ಒಣಗಿಸಿದ ಸೋಯಾ ಅವರೆಯ ಮುದ್ದೆಗಳನ್ನು ಉಪ್ಪುನೀರಿಗೆ ಇಳಿಸುತ್ತಾಳೆ, ವಸಂತದಲ್ಲಿ ಮುಚ್ಚಳ ತೆಗೆದು ಫೋಟೋ ಹಿಡಿಯುತ್ತಾಳೆ, ಮಾಲಿಮಳ ಗುಡಾಣಕಟ್ಟೆ ಎಂಬ ತನ್ನ ಬ್ಲಾಗಿನಲ್ಲಿ ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆಯುತ್ತಾಳೆ, ಎರಡು ಲಕ್ಷ ಜನ ಓದುತ್ತಾರೆ, ಈ ಇಡೀ ಗೊಕ್ಸಾಂಗ್ ಸೀಮೆಯಲ್ಲೇ ಅಷ್ಟು ಜನರಿಲ್ಲ — ನಾಲ್ಕು ದಿನದ ಹಿಂದೆ ಸುಳ್ಳುಬೇಟೆಗಾರ ಎಂದು ಹೆಸರಿಟ್ಟುಕೊಂಡ ಯಾರೋ ಒಬ್ಬ ಆ ಹನ್ನೊಂದು ಫೋಟೋಗಳನ್ನು ಸಾಲಾಗಿ ಜೋಡಿಸಿ ಊರಿಗೆಲ್ಲ ತೋರಿಸಿಬಿಟ್ಟ. ಗುಡಾಣದ ಹೊಟ್ಟೆಗೆ ಅಂಟಿಸಿದ ಬಿಳಿ ಕಾಗದದ ಕಾಲ್ಚೀಲ ನೋಡಿ, ಅಂದ, ಕೆಟ್ಟದ್ದು ನುಗ್ಗಿದರೆ ಬೆರಳ ಕಡೆಯ ಚೂಪು ಮೂಗಿನಲ್ಲಿ ಸಿಕ್ಕಿಬೀಳಲಿ ಎಂದು ತಲೆಕೆಳಗಾಗಿ ಅಂಟಿಸುವ ಕಾಲ್ಚೀಲ, ಹತ್ತು ಫೋಟೋದಲ್ಲಿ ಆ ಮೂಗು ಬಲಕ್ಕೆ, ಒಂದರಲ್ಲಿ ಮಾತ್ರ ಎಡಕ್ಕೆ, ಮೂರು ವರ್ಷದ ಹಿಂದೆ ಈ ಹೆಂಗಸು ಬೇರೆ ಯಾರದೋ ಗುಡಾಣ ತೋರಿಸಿ ನನ್ನದು ಅಂದಿದ್ದಾಳೆ, ಹಾಗಾದರೆ ಆ ವರ್ಷ ನಮಗೆಲ್ಲ ಹೇಳಿಕೊಟ್ಟ ಕಡಿಮೆ ಉಪ್ಪಿನ ಜಾಂಗ್ ಏನಾಯಿತು. ಒಳ್ಳೆ ಕಣ್ಣು ಅವನದು, ಎಂದೇ ಮಾಲಿಮ್ ಮೊದಲು ಅಂದುಕೊಂಡದ್ದು, ಪೋಲೀಸಿನವನಿರಬೇಕು, ಇಲ್ಲವೇ ದರ್ಜಿ.

ಬೈಗುಳ ಅವಳಿಗೆ ಹೊಸದೇನಲ್ಲ, ಬ್ಲಾಗು ಬೆಳೆದಂತೆ ಅದೂ ಬೆಳೆಯಿತು, ಪೈರಿನ ಜೊತೆ ಕಳೆ, ಮಗಳು ಬೊರಾ ಒಂದೊಂದಾಗಿ ಕಲಿಸಿಕೊಟ್ಟಿದ್ದಳು, ಇಲ್ಲಿ ಒತ್ತಿದರೆ ಅಳಿಸಿಹೋಗುತ್ತದೆ, ಇಲ್ಲಿ ಒತ್ತಿದರೆ ಅವನು ಮತ್ತೆ ಬರಲಾರ, ಉತ್ತರ ಮಾತ್ರ ಕೊಡಬೇಡ ಅಮ್ಮ — ಆದರೆ ಮಾಲಿಮ್‌ಗೆ ಓದದೆ ಅಳಿಸಲು ಮನಸ್ಸು ಬಾರದು, ನಲವತ್ತೊಂದನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಯ ಸಣ್ಣ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಕಲಿತ ಅಕ್ಷರ, ಮೇಷ್ಟರು ಹೇಳುತ್ತಿದ್ದರು, ಓದೋಕೆ ಬಂದಮೇಲೆ ಬರೀ ಸಿಹಿಯಾದ್ದನ್ನೇ ಓದ್ತೀನಿ ಅಂದ್ರೆ ಆಗಲ್ಲ ತಾಯಿ — ಹಾಗಾಗಿ ಒಂದೊಂದನ್ನೂ ಒಂದು ಸಲ, ತುಟಿ ಅಲ್ಲಾಡಿಸಿ, ಪೂರ್ತಿ ಓದುತ್ತಾಳೆ, ಆಮೇಲೆ ಎಲ್ಲರಿಗೂ ಒಂದೇ ಉತ್ತರ, ಊಟ ಆಯ್ತಾ. ಅರ್ಧ ಜನ ಅಷ್ಟಕ್ಕೇ ಸುಮ್ಮನಾಗುತ್ತಿದ್ದರು. ಬೆಳ್ಳುಳ್ಳಿ ಜಾಸ್ತಿ ಹಾಕ್ತೀಯ ಮುದಿಗೂಬೆ ಎಂದು ಬರೆದ ಲಾರಿ ಡ್ರೈವರನೊಬ್ಬ, ಇಲ್ಲಮ್ಮ, ಇನ್ನೂ ಆಗಿಲ್ಲ, ಎಂದು ಉತ್ತರಿಸಿ ಆ ಚಳಿಗಾಲದಲ್ಲಿ ಒಂದು ಪೆಟ್ಟಿಗೆ ಪೇರು ಹಣ್ಣು ಕಳಿಸಿದ್ದ. ಈ ಸಲ ಹಾಗಾಗಲಿಲ್ಲ. ಮೊದಲ ದಿನ ಅಭ್ಯಾಸಬಲದಿಂದ ಊಟ ಆಯ್ತಾ ಎಂದು ಕಳಿಸಿದ್ದೇ ಅದನ್ನೂ ಹಿಡಿದು ಎಲ್ಲ ಕಡೆ ಹಂಚಿದರು, ಕಳ್ಳಿಯ ಉಪಚಾರ ನೋಡಿ ಎಂದರು, ಆ ಊಟಕ್ಕೆ ಯಾರ ಮನೆ ಜಾಂಗ್ ಹಾಕಿದೀಯ ಅಜ್ಜಿ ಎಂದು ಒಬ್ಬ ಕೇಳಿದ್ದ. ಅದಕ್ಕೆ ಅವಳಲ್ಲಿ ಉತ್ತರವಿತ್ತು, ಅದೇ ತೊಂದರೆ, ನೆರೆಯವಳಾದ ಉನ್‌ಬೊಂಗಿನ ಅಕ್ಕನ ಮನೆಯದು.

ಉಪ್ಪು ಕರಗಿತು, ನೀರು ತಿಳಿಯಾಯಿತು, ಈಗ ಮೊಟ್ಟೆ ಬಿಡಬೇಕು, ಏಪ್ರನ್ನಿನ ಜೇಬಿನಲ್ಲಿದೆ, ಬೆಳಿಗ್ಗೆ ಕೋಳಿಗೂಡಿನಿಂದ ತೆಗೆದದ್ದು, ಮೈಶಾಖಕ್ಕೆ ಇನ್ನೂ ಬೆಚ್ಚಗಿದೆ — ಉಪ್ಪುನೀರು ಸರಿಯಿದ್ದರೆ ಮೊಟ್ಟೆ ತೇಲುತ್ತದೆ, ತೇಲಿದ ಮೊಟ್ಟೆಯ ನೆತ್ತಿ ಐನೂರು ವಾನ್ ನಾಣ್ಯದಷ್ಟು ಅಗಲ ನೀರಿನ ಮೇಲೆ ಕಾಣಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಬೇರೆ ಅಳತೆ ಅವಳಿಗೆ ಯಾರೂ ಕಲಿಸಿಲ್ಲ. ಮೂರು ವರ್ಷದ ಹಿಂದೆಯೂ ಹೀಗೇ ನಿಂತಿದ್ದಳು. ಗಂಡನ ಕಿಡ್ನಿ ಸೋಲುತ್ತಿತ್ತು, ಉಪ್ಪು ಬಿಡಿಸಿ ಎಂದಿದ್ದರು ಡಾಕ್ಟರು, ಜಾಂಗ್ ಇಲ್ಲದ ಸಾರು ಸಾರೇನೇ ಎಂದು ಅವನು ಚಮಚ ಕೆಳಗಿಟ್ಟು ಗೋಡೆ ಕಡೆ ತಿರುಗುತ್ತಿದ್ದ, ಅದಕ್ಕೇ ಆ ಸಲ ಎರಡು ಸೋರೆಬುರುಡೆಯಷ್ಟು ಉಪ್ಪು ಕಡಿಮೆ ಹಾಕಿದಳು, ಮೊಟ್ಟೆ ಬಿಟ್ಟಳು, ಮೊಟ್ಟೆ ಮುಳುಗಿತು, ತಳದಲ್ಲಿ ಪಕ್ಕಕ್ಕೆ ಒರಗಿ ಮಲಗಿತು. ನೋಡಿದಳು. ಸೌಟಿನಲ್ಲಿ ಎತ್ತಿ, ಒರೆಸಿ, ಬೇಯಿಸಿ ಗಂಡನಿಗೇ ಕೊಟ್ಟಳು, ಮುದ್ದೆಗಳನ್ನು ಅದೇ ನೀರಿಗೆ ಇಳಿಸಿದಳು, ಆ ಸಂಜೆಯೇ ಬರೆದಳು, ಮನೆಯಲ್ಲಿ ಕಾಯಿಲೆಯವರಿದ್ದರೆ ಉಪ್ಪು ಕಡಿಮೆ ಮಾಡಿ, ಜಾಂಗ್ ಕೆಡುವುದಿಲ್ಲ, ಹೆದರಬೇಡಿ. ಹನ್ನೊಂದು ವರ್ಷದಲ್ಲಿ ಅವಳು ಬರೆದದ್ದರಲ್ಲೆಲ್ಲ ಅತಿ ಹೆಚ್ಚು ಜನ ಓದಿದ್ದು ಅದನ್ನೇ. ನಲವತ್ತೈದನೆಯ ದಿನ ಮುಚ್ಚಳ ತೆಗೆದರೆ ವಾಸನೆ ಮುಖಕ್ಕೆ ಹೊಡೆಯಿತು, ಮೇಲೆಲ್ಲ ಕಪ್ಪು ಬೂಷ್ಟು, ಕೆಳಗೆ ಕೊಳೆತ ಲೋಳೆ. ಜಾಂಗ್ ಕೆಟ್ಟರೆ ಮನೆ ಕೆಡುತ್ತದೆ ಎನ್ನುವ ಮಾತನ್ನು ಈ ಕಡೆ ಹಾಲು ಕುಡಿಯುವ ಕೂಸಿಗೂ ಹೇಳಿರುತ್ತಾರೆ, ಒಳಕೋಣೆಯಲ್ಲಿ ಮಲಗಿದವನ ಕಿವಿಗೆ ಅದು ಬೀಳಬಾರದು, ಅಷ್ಟೇ ಆಗ ತಲೆಯಲ್ಲಿದ್ದದ್ದು, ಬೇಸಿನ್ನಿಗೆ ತೋಡಿ ತೋಡಿ ಹಿತ್ತಿಲ ಪರ್ಸಿಮನ್ ಮರದ ಬುಡದಲ್ಲಿ ಹೂತಳು, ಖಾಲಿ ಬೇಸಿನ್ನು ತೊಳೆದುಕೊಂಡು ಅಕ್ಕನ ಮನೆಗೆ ಹೋದಳು, ಅಕ್ಕ ಒಂದು ಮಾತು ಕೇಳದೆ ತುಂಬಿಸಿಕೊಟ್ಟಳು, ಅಲ್ಲೇ, ಅಕ್ಕ ಹಸುವಿಗೆ ನೀರಿಡಲು ಆ ಕಡೆ ತಿರುಗಿದಾಗ, ಅವಳ ಗುಡಾಣದ ಫೋಟೋ. ಅಕ್ಕನ ಜಾಂಗಿಗೆ ಸೋಯಾ ಹಿಟ್ಟು ಕಲಸಿ ಉಪ್ಪು ಇಳಿಸಿ ಸಾರು ಮಾಡಿದ್ದಕ್ಕೆ ಗಂಡ, ಕಡಿಮೆ ಉಪ್ಪಾದ್ರೂ ಕೈಗುಣ ಹೋಗಿಲ್ವಲ್ಲೇ ನಿಂದು, ಎಂದು ಬಟ್ಟಲು ಖಾಲಿ ಮಾಡಿದ. ಆ ವರ್ಷ ಪರ್ಸಿಮನ್ ಮರ ಚಿಗುರಲಿಲ್ಲ. ಕಿಟಕಿಯಿಂದ ನೋಡಿ, ಆ ಮರಕ್ಕೇನಾಯ್ತೇ ಎಂದಿದ್ದ, ಇವಳು, ವಯಸ್ಸಾಯ್ತು ಎಂದಿದ್ದಳು, ಅವನು ಇನ್ನೊಂದು ಸಲ ಕೇಳಲಿಲ್ಲ. ಹಣ್ಣಿನ ಕಾಲ ಬರುವಷ್ಟರಲ್ಲಿ ಅವನೂ ಇರಲಿಲ್ಲ.

ಅಮ್ಮ, ಮಧ್ಯಾಹ್ನದೊಳಗೆ ಬ್ಲಾಗಿಗೆ ಹಾಕಿಬಿಡಬೇಕು, ಜಗಲಿಯಿಂದ ಬೊರಾ ಕರೆಯುತ್ತಾಳೆ, ನಿನ್ನೆ ಜೊಂಜುವಿನಿಂದ ರಜೆ ಹಾಕಿ ಬಂದವಳು, ಮೊಣಕಾಲ ಮೇಲೆ ಬಿಳಿ ಹಾಳೆ, ಕಪ್ಪು ಪೆನ್ನು. ಇಲ್ಲಿ ಹಾಗೆ, ಹೆಸರಿದ್ದವರು ತಪ್ಪು ಮಾಡಿ ಸಿಕ್ಕಿಬಿದ್ದರೆ ಸ್ವಂತ ಕೈಬರಹದಲ್ಲಿ ಕ್ಷಮಾಪಣೆ ಬರೆದು ಅದರ ಫೋಟೋ ಹಾಕಬೇಕು, ನಟರೂ ಹಾಡುವವರೂ ಬರೆಯುತ್ತಾರೆ, ಜನ ಮಾತನ್ನಲ್ಲದೆ ಅಕ್ಷರವನ್ನೂ ತೂಗುತ್ತಾರೆ. ಬೊರಾಳ ಅಕ್ಷರ ಹರಳು ಜೋಡಿಸಿದ ಹಾಗಿದೆ, ಅಜಾಗರೂಕತೆಯಿಂದ ಒಂದು ಚಿತ್ರ ಅದಲುಬದಲಾಗಿದೆ ಎಂದು ಬರೆದಿದ್ದಾಳೆ, ಕೆಳಗೆ ಸಹಿಯ ಜಾಗದಲ್ಲಿ ತಾಕ್ ಮಾಲಿಮ್ ಎಂದೂ ಅವಳೇ ಬರೆದಿದ್ದಾಳೆ. ಇದು ನಿನ್ನ ಅಕ್ಷರ ಅಲ್ವೇನೇ, ಎಂದು ಕೇಳಿದ್ದಳು ಮಾಲಿಮ್. ನಿನ್ನ ಅಕ್ಷರದಲ್ಲಿ ಹಾಕಿದ್ರೆ, ಕನಿಕರ ಗಿಟ್ಟಿಸೋಕೆ ಬೇಕಂತ ಸೊಟ್ಟಗೆ ಬರೆದವ್ಳೆ ಅಂತಾರಮ್ಮ, ಬೊರಾಳ ದನಿಯಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು, ಅವಳು ಹೇಳಿದ್ದೂ ಸುಳ್ಳಲ್ಲ. ಅಷ್ಟರಲ್ಲಿ ಮುದುಕಿಯರು ಊರುಗೋಲಿನ ಬದಲು ತಳ್ಳಿಕೊಂಡು ಓಡಾಡುವ ಪುಟ್ಟ ಗಾಡಿಯ ಚಕ್ರ ಕಿರುಗುಟ್ಟಿತು, ಉನ್‌ಬೊಂಗ್ ಊರಿಂದ ಸೊಸೆಯಾಗಿ ಬಂದು ಅರವತ್ತು ವರ್ಷವಾದರೂ ಎಲ್ಲರಿಗೂ ಉನ್‌ಬೊಂಗಿನವಳೇ ಆಗಿ ಉಳಿದ ಅಕ್ಕ, ಎಂಬತ್ತೊಂದು, ತಲೆಗೆ ಗುಂಗುರು ಮಾಡಿಸುವಲ್ಲಿ ಸುದ್ದಿ ಕೇಳಿ ನೇರ ಇಲ್ಲಿಗೇ ಬಂದಿದ್ದಾಳೆ, ಅರ್ಧ ಗುಂಗುರು, ಅರ್ಧ ಒದ್ದೆ. ನನ್ನ ಗುಡಾಣಾನ ದೇಶಾನೇ ನೋಡ್ತಂತಲ್ಲೇ ಮಾಲಿಮ್, ಮೊದ್ಲೇ ಹೇಳಿದ್ರೆ ಒರೆಸಿ ಇಡ್ತಿರ್ಲಿಲ್ವಾ — ಗಾಡಿಯ ಮೇಲೇ ಕೂತು ಸುಧಾರಿಸಿಕೊಂಡಳು, ಎಡಗೈಲಿ ಕತ್ತರಿ ಹಿಡಿಯೋಳು ಕಣೆ ನಾನು, ಮೂಗು ಎಡಕ್ಕೇ ಹೋಗೋದು, ನಮ್ಮತ್ತೆ ಅದಕ್ಕೂ ಬೈದಿದ್ರು, ಅರವತ್ತು ವರ್ಷ ಆದ್ಮೇಲೆ ಇವನ್ಯಾರೋ ಬೈತಾವ್ನೆ. ಆಮೇಲೆ ದನಿ ತಗ್ಗಿಸಿ ಬೊರಾ ಕಡೆ ನೋಡುತ್ತ, ಒಂದು ಕೆಲಸ ಮಾಡು ಮಗ, ಆ ವರ್ಷ ನಾನೇ ಇಲ್ಲಿಗೆ ಬಂದು ಕಾಲ್ಚೀಲ ಕತ್ತರಿಸಿ ಅಂಟಿಸಿದೆ ಅಂತ ಬರಿ, ಗುಡಾಣ ಇವಳದೇ ಅನ್ನು, ಯಾರು ಕೇಳಿದ್ರೂ ಹೌದು ಅಂತೀನಿ, ಸಾಯೋ ಮುದುಕೀನ ಯಾರು ಬೈತಾರೆ.

ಬೊರಾಳ ಮುಖ ಅರಳಿತು, ಅದು ಮಾಲಿಮ್‌ಗೆ ಕಂಡಿತು, ಎಷ್ಟು ಸಲೀಸು, ಹೊಸ ಹಾಳೆಯೂ ಬೇಡ, ಎರಡು ಸಾಲು ಸಾಕು, ಸುಳ್ಳುಬೇಟೆಗಾರನೇ ಎಲ್ಲರ ಎದುರು ತಲೆ ತಗ್ಗಿಸಬೇಕಾಗುತ್ತದೆ, ಎರಡು ಲಕ್ಷವೂ ಉಳಿಯುತ್ತದೆ, ಗುಡಾಣಕಟ್ಟೆಯೂ ಉಳಿಯುತ್ತದೆ — ಅಕ್ಕನ ಜಾಂಗ್, ಅಕ್ಕನ ಗುಡಾಣ, ಈಗ ಅಕ್ಕನ ಬಾಯಿ, ಮಗಳ ಅಕ್ಷರ, ನನ್ನದು ಅಂತ ಏನಿದೆ ಇದರಲ್ಲಿ, ಹೆಸರೊಂದು — ಮುಚ್ಚಳದ ಮೇಲೆ ಫೋನು ಮತ್ತೆ ಗುಂಯ್ ಎಂದಿತು, ಕೈ ಒರೆಸಿ ಎತ್ತಿಕೊಂಡಳು, ಬೈಗುಳವೇ ಇರಬೇಕು, ಅದನ್ನೂ ಪೂರ್ತಿ ಓದಬೇಕು, ತುಟಿ ಅಲ್ಲಾಡಿಸಿ ಓದಿದಳು, ಬೈಗುಳವಲ್ಲ. ಎಲ್ಲರಿಗೂ ಕಾಣುವ ಹಾಗೆ ಹಸಿರು ಬಾಗಿಲು ಎಂಬ ಹೆಸರಿನವಳು ಬರೆದಿದ್ದಾಳೆ, ಅಮ್ಮನನ್ನು ಬೈಯಬೇಡಿ, ಆ ವರ್ಷ ಅವರು ಹೇಳಿದಂತೆ ಹಾಕಿದ ನನ್ನ ಜಾಂಗ್ ಕೆಟ್ಟಿತು ನಿಜ, ಆದರೆ ಅದು ನನ್ನ ಕೈಗುಣ, ನಮ್ಮತ್ತೆಯೂ ಅದನ್ನೇ ಹೇಳಿದರು, ಆಮೇಲೆ ನಾನು ಗುಡಾಣ ಮುಟ್ಟಿಲ್ಲ, ಅಮ್ಮ ಸುಳ್ಳು ಹೇಳುವವರಲ್ಲ. ಹಸಿರು ಬಾಗಿಲು — ಗೊತ್ತು, ಮೂರು ವರ್ಷದ ಹಿಂದೆ ಗುಟ್ಟಾಗಿ ಒಂದು ಸಲ ಕೇಳಿದ್ದಳು, ಮದುವೆಯಾದ ಮೊದಲ ವರ್ಷದ ಮೊದಲ ಗುಡಾಣ, ಅಮ್ಮ, ಮೇಲೆ ಕಪ್ಪು ಬಂದಿದೆ, ನಾನೇನು ತಪ್ಪು ಮಾಡಿದೆ. ಆಗ ಪರ್ಸಿಮನ್ ಬುಡದ ಮಣ್ಣು ಇನ್ನೂ ಹಸಿಯಾಗಿತ್ತು, ಉಗುರಿನ ಸಂದಿಯಲ್ಲಿ ವಾಸನೆ ಇನ್ನೂ ಹೋಗಿರಲಿಲ್ಲ, ಅದೇ ಬೆರಳಲ್ಲಿ ಒತ್ತಿ ಉತ್ತರ ಕಳಿಸಿದ್ದಳು, ಬಿಸಿಲು ಸಾಲದೇನೋ ಮಗಳೇ, ಮುಚ್ಚಳ ತೆಗೆದಿಡು, ಊಟ ಆಯ್ತಾ.

ಏನಮ್ಮ ಅದು, ಎಂದಳು ಬೊರಾ. ಮಾಲಿಮ್ ಜಗಲಿಗೆ ಬಂದು ಕೂತಳು, ಆ ಪೆನ್ನು ಕೊಡು, ಎಂದಳು, ಇನ್ನೊಂದು ಹಾಳೆ. ಸೊಟ್ಟ ಅಂತಾರಮ್ಮ — ಸೊಟ್ಟ ಇದೆ ತಾನೆ, ಅನ್ನಲಿ. ಅಕ್ಕ ಒದ್ದೆ ಕಡೆಯ ಕೂದಲನ್ನು ಟವೆಲಿನಲ್ಲಿ ಒತ್ತಿಕೊಳ್ಳುತ್ತ ಕೂತಳು. ಹಾಳೆ ನುಣುಪಾಗಿದೆ, ಪೆನ್ನು ಜಾರುತ್ತದೆ, ರಾತ್ರಿ ಶಾಲೆಯಲ್ಲಿ ಗೆರೆ ಎಳೆದ ಪುಸ್ತಕ ಕೊಡುತ್ತಿದ್ದರು, ಇಲ್ಲಿ ಗೆರೆಯಿಲ್ಲ, ಸಾಲು ಕೆಳಕ್ಕೆ ಇಳಿದುಹೋಗುತ್ತದೆ, ಹೋಗಲಿ — ಹಸಿರು ಬಾಗಿಲಿನ ಮಗಳೇ, ನಿನ್ನ ಕೈಗುಣ ಕೆಟ್ಟದ್ದಲ್ಲ, ನನ್ನ ಗುಡಾಣವೂ ಕೆಟ್ಟಿತ್ತು, ನೀನು ಕೇಳುವ ಮೊದಲೇ ನನಗೆ ಗೊತ್ತಿತ್ತು — ಅಲ್ಲ, ಅದಕ್ಕೂ ಮೊದಲೇ, ಮುಚ್ಚಳ ತೆಗೆಯುವುದಕ್ಕೂ ಮೊದಲೇ, ಬರೆಯುವುದಕ್ಕೂ ಮೊದಲೇ, ಇದೇ ಅಂಗಳದಲ್ಲಿ, ಬಗ್ಗಿ ನೋಡಿದಾಗ, ನೀರು ತಿಳಿಯಾಗಿತ್ತು, ತಳದವರೆಗೂ ಕಾಣುತ್ತಿತ್ತು, ಪೆನ್ನು ನಿಂತಿತು, ಮೊಟ್ಟೆ, ಎಂದು ಬರೆದು ನಿಂತಿತು, ತಳದಲ್ಲಿ ಪಕ್ಕಕ್ಕೆ ಒರಗಿದ ಮೊಟ್ಟೆ, ಬೆಳ್ಳಗೆ, ಅಲ್ಲಾಡದೆ, ಮೇಲೆ ಬಾರದ ಮೊಟ್ಟೆ.